ಆಯಿಯ ಸೆರಗಿನ ಗಂಟು

1999ರಲ್ಲಿ ನನಗೆ 12 ವರ್ಷ. ಹಳೇ ಬಾಗಲಕೋಟೆಯ ಮಂದಿ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಹೊರಟಿದ್ದ ಕಾಲ ಅದು. ಆಲಮಟ್ಟಿ ಹಿನ್ನೀರು ಯಾವ ಓಣಿಯ ತನಕ ಬರುತ್ತದೆ, ಯಾರ ಮನೆಗೆ ಎಷ್ಟು ಪರಿಹಾರ, ಚಹಾದಂಗಡಿಯಲ್ಲಿ ಬರೀ ಇದೇ ಮಾತು. ಆ ವರ್ಷದ ಚಳಿಗಾಲದಲ್ಲಿ ನಮ್ಮ ಕಡೆ ಕ್ರೈಸ್ತ ಸಭೆಯವರು ಮೂರು ದಿನದ ಉಜ್ಜೀವನ ಕೂಟ, ಅಂದರೆ ಭಕ್ತಿ ಚಿಗುರಿಸುವ ಪ್ರಾರ್ಥನೆ ಕೂಟ, ಇಟ್ಟಿದ್ದರು. ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು.

ವೇದಿಕೆಯ ಹಿಂದೆ ಎರಡು ಗಳಕ್ಕೆ ಒಂದು ಉದ್ದನೆಯ ಬಟ್ಟೆ ಕಟ್ಟಿದ್ದರು. ಅದರ ಮೇಲೆ ಲೋಕದ ಕಥೆಯೆಲ್ಲ ಬಣ್ಣದಲ್ಲಿ ಬರೆದಿತ್ತು. ಎಡತುದಿಗೆ ಏದೆನ್ ತೋಟ, ಬಲತುದಿಗೆ ಬೆಂಕಿಯ ಕೆರೆ. ನಡುವೆ ಗೆರೆ, ಬಾಣ, ಮೋಡ, ಏಳು ತಲೆಯ ಮೃಗ. ಒಂದು ಕಡೆ ಕೆಂಪು ಚೌಕ, ಅದರೊಳಗೆ ‘7 ವರ್ಷ’ ಅಂತ ಬರೆದಿತ್ತು. ಪ್ರಸಂಗಿ ಕೋಲು ಹಿಡಿದು ಆ ಚೌಕದ ಎಡ ಅಂಚಿಗೆ ಟಕ್ ಅಂತ ಬಡಿದರು. ನಾವು ಇಲ್ಲಿದ್ದೇವೆ ಅಂದರು. ಯೇಸು ಬಂದು ತನ್ನವರನ್ನು ಮೇಲೆ ಒಯ್ಯುವುದಕ್ಕೆ ಇಲ್ಲಿಂದ ಒಂದು ಗೇಣೂ ಇಲ್ಲ. ಇಬ್ಬರು ಹೆಂಗಸರು ಬೀಸುಕಲ್ಲಿನ ಮುಂದೆ ಕೂತಿರುತ್ತಾರೆ, ಒಬ್ಬಳು ಹೋಗುತ್ತಾಳೆ, ಒಬ್ಬಳು ಉಳಿಯುತ್ತಾಳೆ. ಉಳಿದವಳ ಗತಿ ಏನು? ಎರಡು ಸಾವಿರನೇ ಇಸವಿ ಹತ್ತಿರ ಬಂದಿದೆ, ಎಚ್ಚರ!

ನಮ್ಮ ಮನೆಯಲ್ಲಿ ಬೀಸುಕಲ್ಲು ಇತ್ತು. ಬೀಸುವವಳು ನನ್ನ ಆಯಿ. ಅಪ್ಪನ ಅವ್ವ. ಅವಳು ಮೇಲೆ ಹೋಗುವ ಪೈಕಿ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ನನ್ನ ಬಗ್ಗೆ ಮಾತ್ರ ಜಾಸ್ತಿ ಅನುಮಾನ ಇತ್ತು, ಯಾಕಂದ್ರೆ ಆ ವಾರವಷ್ಟೇ ಕಾಣಿಕೆಗೆ ಅಂತ ಕೊಟ್ಟ ಎಂಟಾಣೆಯಲ್ಲಿ ಪೇರಲಹಣ್ಣು ತಿಂದಿದ್ದೆ. ಹಾಗಾಗಿ ಆವತ್ತು ರಾತ್ರಿ ಆಯಿಯ ಪಕ್ಕ ಮಲಗಿ, ಅವಳ ಇಳಕಲ್ ಸೀರೆಯ ಸೆರಗಿಗೂ ನನ್ನ ಅಂಗಿಯ ತುದಿಗೂ ಸೇರಿಸಿ ಗಂಟು ಹಾಕಿದೆ. ಅವಳು ಮೇಲೆದ್ದರೆ ನಾನೂ ಜೊತೆಗೆ ಎದ್ದು ಹೋಗುವ ಏರ್ಪಾಟು.

ನಸುಕಿನಲ್ಲಿ ಅವಳು ನೀರು ಕಾಯಿಸಲು ಎದ್ದಳು. ನಾನು ಎಳೆದುಕೊಂಡು ನೆಲಕ್ಕೆ ಬಿದ್ದೆ.

“ಏನ್ಲೇ ಇದು, ಯಾಕ್ ಗಂಟ್ ಹಾಕೀದಿ?”

“ನೀ ಮ್ಯಾಲ ಹೋದ್ರ ನಾನೂ ಬರ್ತೀನಿ.”

ಆಯಿ ನಕ್ಕಳು. “ನಾ ಎಲ್ಲಿ ಹೊಂಟೀನೋ ಹುಚ್ಚಪ್ಪ? ಬರಾಂವ ಅಂವ. ನಾವ್ಯಾಕ ಹೋಗೂದು?” ಅಂದು ಗಂಟು ಬಿಚ್ಚಿ ಒಲೆಯ ಕಡೆ ಹೋದಳು.

ಓದು ಬರಹ ಕಡಿಮೆ ಇದ್ದ ಮುದುಕಿ, ಪ್ರಸಂಗಿಯ ಮಾತು ಅವಳಿಗೆ ತಿಳಿದಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡೇ ಇಪ್ಪತ್ತು ವರ್ಷ ಕಳೆದೆ.

ಆ ಬಟ್ಟೆಯ ಚಾರ್ಟನ್ನು ನನಗಿಂತ ಗಟ್ಟಿಯಾಗಿ ನಂಬಿದವನು ನನ್ನ ಕಾಕಾ. ಮುಳುಗಡೆಯ ಪರಿಹಾರದ ಹಣ ಅವನ ಪಾಲಿಗೂ ಬಂದಿತ್ತು. ನವನಗರದಲ್ಲಿ ಎಲ್ಲರೂ ಪ್ಲಾಟು ಹಿಡಿದು ಪಾಯ ತೆಗೆಯುತ್ತಿದ್ದರೆ ಇವನು, “ಇನ್ನೆಷ್ಟ್ ದಿನದ್ದು? ಯಾರಿಗೆ ಕಟ್ಟೂದು ಮನಿ?” ಅಂದ. ಒಂದಿಷ್ಟು ಕೂಟಗಳಿಗೆ ಕೊಟ್ಟ, ಒಂದಿಷ್ಟು ಸುಮ್ನೆ ಕರಗಿತು. ಈಗ ಅವನಿಗೆ 71. ಇವತ್ತಿಗೂ ಬಾಡಿಗೆ ಮನೆ. ಕರ್ತನ ಬರೋಣದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಈಗಲೂ ಅವನಿಗೆ ಸಿಟ್ಟು ಬರುತ್ತದೆ. ಅವನ ಸಿಟ್ಟನ್ನು ನಾನು ಗೌರವಿಸುತ್ತೇನೆ, ಯಾಕಂದ್ರೆ ಅದಕ್ಕೆ ಅವನು ಕೊಟ್ಟ ಬೆಲೆ ದೊಡ್ಡದು. ಆದರೆ ಆ ಚಾರ್ಟಿನ ಬಗ್ಗೆ ನನಗಿರುವ ಸಿಟ್ಟೂ ಅಲ್ಲಿಂದಲೇ ಬಂದದ್ದು.

ನಾನೀಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕದವನಾದ್ದರಿಂದಲೋ ಏನೋ, ನಾನು ಮೊದಲು ಹಿಡಿದದ್ದು ಆ ಕೆಂಪು ಚೌಕವನ್ನು. ಲೋಕ ಮುಗಿಯುವ ಮುಂಚೆ ಏಳು ವರ್ಷದ ಮಹಾ ಸಂಕಟ ಅಂತಾರಲ್ಲ, ಆ ಏಳು ಎಲ್ಲಿಂದ ಬಂತು? ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಪೆನ್ಸಿಲ್ ಹಿಡಿದು ಓದಿದೆ. 42 ತಿಂಗಳು ಅಂತಿದೆ, 1,260 ದಿನ ಅಂತಿದೆ. ಏಳು ವರ್ಷದ ಸಂಕಟ ಅಂತ ಎಲ್ಲೂ ಇಲ್ಲ. ಇನ್ನೊಂದು ಸಂಗತಿ ನೋಡಿ ದಂಗಾದೆ. ಕೊನೆಗಾಲದಲ್ಲಿ ಬರುವ ಖಳ ಅಂತ ಹೆದರಿಸುವ ‘ಕ್ರಿಸ್ತವಿರೋಧಿ’ ಅನ್ನುವ ಪದ ಪ್ರಕಟನೆಯಲ್ಲಿ ಒಂದೇ ಒಂದು ಸಲವೂ ಬರುವುದಿಲ್ಲ! ಅದು ಇರುವುದು ಯೋಹಾನನ ಪತ್ರಿಕೆಗಳಲ್ಲಿ ಮಾತ್ರ. ಅಲ್ಲೂ ಮುಂದೆಂದೋ ಬರುವ ಒಬ್ಬನ ಬಗ್ಗೆ ಮಾತ್ರ ಹೇಳಿಲ್ಲ, ಆಗಲೇ ಅಂಥವರು ಬಹಳ ಮಂದಿ ಎದ್ದಿದ್ದಾರೆ ಅಂತ ಬರೆದಿದೆ.

ಏಳು ವರ್ಷ ಬಂದದ್ದು ಹಳೆ ಒಡಂಬಡಿಕೆಯ ದಾನಿಯೇಲನ ಪುಸ್ತಕದ 9ನೇ ಅಧ್ಯಾಯದಿಂದ. ಅಲ್ಲಿ ಎಪ್ಪತ್ತು ವಾರಗಳ ಮಾತಿದೆ. ದಿನಕ್ಕೊಂದು ವರ್ಷ ಹಿಡಿದರೆ 490 ವರ್ಷ. ಚಾರ್ಟಿನವರು 483 ವರ್ಷ ಎಣಿಸಿ ಯೇಸುವಿನ ಕಾಲಕ್ಕೆ ಬರುತ್ತಾರೆ. ಅಲ್ಲಿ ದೇವರ ಗಡಿಯಾರ ನಿಂತಿತು ಅನ್ನುತ್ತಾರೆ. ನಡುವೆ ಸುಮಾರು 2,000 ವರ್ಷ ಲೆಕ್ಕಕ್ಕಿಲ್ಲ. ಉಳಿದ 7 ವರ್ಷ ಇನ್ನು ಮುಂದೆ. ನನ್ನ ಹತ್ತನೇ ಕ್ಲಾಸಿನ ಹುಡುಗ ಸಂಖ್ಯಾರೇಖೆಯಲ್ಲಿ 483ಕ್ಕೂ 484ಕ್ಕೂ ನಡುವೆ 2,000 ತುರುಕಿದರೆ ನಾನು ಮಾರ್ಕು ಕೊಡುವುದಿಲ್ಲ.

ನಮ್ಮ ಕಡೆ ಕೌದಿ ಹೊಲಿಯುತ್ತಾರಲ್ಲ, ಹಾಗೆ. ದಾನಿಯೇಲನಿಂದ ಒಂದು ತುಂಡು, ಯೋಹಾನನಿಂದ ಒಂದು, ಥೆಸಲೊನೀಕದವರ ಪತ್ರಿಕೆಯಿಂದ ಒಂದು, ಮತ್ತಾಯನಿಂದ ಒಂದು. ತುಂಡುಗಳೆಲ್ಲ ನಿಜವಾದವೇ. ಹೊಲಿಗೆ ಮಾತ್ರ ಬೇರೆಯವರದು. ಯಾರದು ಅಂತ ಹುಡುಕಿದರೆ ಜಾನ್ ನೆಲ್ಸನ್ ಡಾರ್ಬಿ ಎಂಬ ಬ್ರಿಟಿಷ್ ಬೋಧಕ ಸಿಗುತ್ತಾನೆ. ಹುಟ್ಟಿದ್ದು 1800, ಸತ್ತದ್ದು 1882. ಸಭೆಯನ್ನು, ಅಂದರೆ ನಂಬಿದವರನ್ನು, ಸಂಕಟಕ್ಕೆ ಮುಂಚೆಯೇ ಮೇಲೆ ಒಯ್ಯಲಾಗುತ್ತದೆ, ಆಮೇಲೆ ಕರ್ತನು ಮತ್ತೆ ಇನ್ನೊಂದು ಸಲ ಬರುತ್ತಾನೆ ಎಂಬ ಬೋಧನೆಯನ್ನು 1830ರ ದಶಕದಲ್ಲಿ ಬೆಳೆಸಿದವನು ಅವನು. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಅನ್ನುವವರು ಈ ಬೋಧನೆಯನ್ನು ಟಿಪ್ಪಣಿ ಮಾಡಿ, ಬೈಬಲ್ ವಚನಗಳ ಜೊತೆಗೆ ಅದೇ ಪುಟದಲ್ಲಿ ಅಚ್ಚು ಹಾಕಿಸಿದರು. ಒಂದೇ ಪುಟದಲ್ಲಿ ಇದ್ದ ಮೇಲೆ ಓದುವವನಿಗೆ ಮೇಲಿನದೂ ಕೆಳಗಿನದೂ ಒಂದೇ ಅನ್ನಿಸುವುದು ಸಹಜ. ಇಂಗ್ಲಿಷ್ ಪುಸ್ತಕಗಳಿಂದ, ಅನುವಾದದ ಕರಪತ್ರಗಳಿಂದ, ರೇಡಿಯೊ, ಟಿವಿಯಿಂದ ಅದು ನಮ್ಮ ಪೆಂಡಾಲಿನ ಬಟ್ಟೆಯ ತನಕ ಬಂತು.

ನಮ್ಮ ಮನೆತನ ಗುಳೇದಗುಡ್ಡದ್ದು. ಖಣ ನೇಯುವವರು. ಬಾಸೆಲ್ ಮಿಷನ್ ಗುಳೇದಗುಡ್ಡದಲ್ಲಿ ಕೆಲಸ ಶುರು ಮಾಡಿದ್ದು 1851ರಲ್ಲಿ. ಈ ಅಂತ್ಯಕಾಲದ ಬೋಧನೆ ಅಲ್ಲಿಂದಲೇ ಬಂದ ಪಿತ್ರಾರ್ಜಿತ ಅಂತ ನಾನು ನಂಬಿದ್ದೆ. ಲೆಕ್ಕ ಹಾಕಿದರೆ ಆ ಟಿಪ್ಪಣಿ ಬೈಬಲ್ಲಿಗಿಂತ ನಮ್ಮೂರ ಸಭೆಯೇ 58 ವರ್ಷ ದೊಡ್ಡದು. ಆಯಿಗೆ ಸಣ್ಣವಳಿದ್ದಾಗ ಬಾಯಿಪಾಠ ಮಾಡಿಸಿದ್ದು ವಿಶ್ವಾಸಪ್ರಮಾಣ. ಅದರಲ್ಲಿ ಇರುವುದು ಇಷ್ಟೇ: ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಆತನು ಬರುವನು. ಬರುವನು. ಆಯಿ ಹೇಳಿದ್ದೂ ಅಷ್ಟೇ ಅಲ್ವಾ?

ಹಾಗಂತ ಬಾಸೆಲ್ ಮಿಷನ್ನಿನವರಿಗೆ ಈ ಎಣಿಕೆಯ ಹುಚ್ಚು ಗೊತ್ತೇ ಇರಲಿಲ್ಲ ಅಂತಲ್ಲ. ಅದೊಂದು ಸೊಗಸಾದ ಕಥೆ. ಆ ಮಿಷನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಆ ಸೀಮೆಯಲ್ಲಿ 18ನೇ ಶತಮಾನದಲ್ಲಿ ಬೆಂಗೆಲ್ ಎಂಬ ದೊಡ್ಡ ವಿದ್ವಾಂಸ ಇದ್ದ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧ ಪಾಠ ಕೊಟ್ಟವರಲ್ಲಿ ಮೊದಲ ಸಾಲಿನವನು. ಅಂಥವನೇ ಪ್ರಕಟನೆಯ ಸಂಖ್ಯೆಗಳನ್ನು ಗುಣಿಸಿ ಭಾಗಿಸಿ 1836ನೇ ಇಸವಿಗೆ ಬಂದು ನಿಂತ. ಆ ವರ್ಷ ಮೃಗ ಸೋಲುತ್ತದೆ ಅಂದ. ಆ ಲೆಕ್ಕ ನಂಬಿ ಎಷ್ಟೋ ಕುಟುಂಬಗಳು ಮನೆ ಮಠ ಮಾರಿ ರಷ್ಯಾದ ಕಡೆ ವಲಸೆ ಹೋದವು. ನನಗೆ ಅಲ್ಲಿ ನಮ್ಮ ಕಾಕಾ ಕಾಣಿಸುತ್ತಾನೆ.

1836 ಬಂತು. ಮೃಗ ಸೋಲಲಿಲ್ಲ. ಅದೇ ವರ್ಷ ವ್ಯೂರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದರು. ಏಳು ವರ್ಷದ ನಂತರ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು. ಕಿಟೆಲ್ ಸಾಹೇಬರ ನಿಘಂಟು 1894ರಲ್ಲಿ ಅಚ್ಚಾಯಿತು. ಇನ್ನೇನು ಲೋಕ ಮುಗಿಯಿತು ಅನ್ನುವವನು ಪದಕ್ಕೆ ಪದ ಕೂಡಿಸುತ್ತಾ ವರ್ಷಗಟ್ಟಲೆ ಕೂರುತ್ತಾನಾ? ಬೆಂಗೆಲ್ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. 1836 ಸುಮ್ನೆ ಕಳೆದುಹೋದರೆ ನನ್ನ ಲೆಕ್ಕದಲ್ಲೇ ದೊಡ್ಡ ತಪ್ಪಿದೆ ಅಂತ ತಿಳಿಯಿರಿ ಅಂತ ಅವನೇ ಮೊದಲೇ ಬರೆದಿಟ್ಟಿದ್ದ. ಆಮೇಲೆ ಬಂದವರಲ್ಲಿ ಈ ಪ್ರಾಮಾಣಿಕತೆ ಅಪರೂಪ. 1844ರ ಅಕ್ಟೋಬರ್ 22 ಅಂದ ಅಮೆರಿಕದ ಮಿಲ್ಲರ್ ಗುಂಪಿನವರು, 2011ರ ಮೇ 21 ಅಂದು ಅದು ತಪ್ಪಿದ ಮೇಲೆ ಅಕ್ಟೋಬರ್ 21 ಅಂದ ರೇಡಿಯೊ ಪ್ರಸಂಗಿ, ಪಟ್ಟಿ ಉದ್ದ ಇದೆ.

ಭವಿಷ್ಯ ನುಡಿ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಬಬಲಾದಿಯ ಕಾಲಜ್ಞಾನ ನಮ್ಮ ಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತು. ಮೈಲಾರದ ಕಾರ್ಣಿಕವನ್ನಂತೂ ಇಡೀ ಉತ್ತರ ಕರ್ನಾಟಕ ಕಾಯುತ್ತದೆ. ಗೊರವಯ್ಯ ಬಿಲ್ಲು ಏರುತ್ತಾನೆ. “ಸದ್ದಲೇ” ಅನ್ನುತ್ತಾನೆ. ಅಷ್ಟು ದೊಡ್ಡ ಮಂದಿಯೂ ತೆಪ್ಪಗಾಗುತ್ತದೆ. ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ವಾರಗಟ್ಟಲೆ ಕಟ್ಟೆ ಮೇಲೆ ಚರ್ಚೆ. ಮಳೆ ಆಗತೈತೊ ಇಲ್ಲೊ, ಸರಕಾರ ಉಳಿತೈತೊ ಬೀಳತೈತೊ. ಸಭೆಯವರಾದ ನಮಗೆ ಅದರಲ್ಲಿ ನಂಬಿಕೆ ಇಲ್ಲ, ಅದು ಬೇರೆ ಮಾತು. ಆದರೆ ಕೇಳುವ ರೀತಿ ನೋಡಿ. ಎದುರಿಗೆ ನಿಂತವರಿಗೆ ಹೇಳಿದ್ದು, ಈ ವರ್ಷದ ಬಿತ್ತನೆಗೆ ಹೇಳಿದ್ದು ಅಂತ ಕೇಳುತ್ತಾರೆ. ಎರಡು ಸಾವಿರ ವರ್ಷ ಆದ ಮೇಲೆ ಯಾವುದೋ ಬೇರೆ ದೇಶದ ಸುದ್ದಿಗೆ ಹೇಳಿದ್ದು ಅಂತ ಯಾವ ರೈತನೂ ತಿಳಿಯುವುದಿಲ್ಲ.

ಯೇಸು ಆಲಿವ್ ಗುಡ್ಡದ ಮೇಲೆ ಕೂತು ಶಿಷ್ಯರಿಗೆ ಹೇಳಿದ್ದೂ ಎದುರಿಗೆ ಕೂತವರಿಗೇ. ಈ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂದ. ಯಾವಾಗ ಅಂತ ಕೇಳಿದರು. ಈ ಸಂತತಿ ಅಳಿಯುವ ಮುಂಚೆ ಅಂದ. ಕ್ರಿ.ಶ. 70ರಲ್ಲಿ ರೋಮಿನ ತೀತನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿ ದೇವಾಲಯ ಸುಟ್ಟಿತು. ಸುಮಾರು 40 ವರ್ಷ. ಒಂದು ಸಂತತಿಯ ಲೆಕ್ಕ ಸರಿಹೋಯಿತು.

ಇದೆಲ್ಲ ಇರುವ ಮತ್ತಾಯನ 24ನೇ ಅಧ್ಯಾಯದ ಸಣ್ಣ ಸಣ್ಣ ಮಾತುಗಳನ್ನು ನಾನು ಅಲ್ಲಿಯ ತನಕ ಓದಿಯೇ ಇರಲಿಲ್ಲ, ಕಣ್ಣು ಹಾಯಿಸಿದ್ದೆ ಅಷ್ಟೇ. ಯೂದಾಯದಲ್ಲಿ ಇರುವವರು ಬೆಟ್ಟಕ್ಕೆ ಓಡಿ. ಮಾಳಿಗೆ ಮೇಲೆ ಇರುವವನು ಮನೆಯ ಸಾಮಾನಿಗಾಗಿ ಇಳಿಯಬೇಡ. ಹೊಲದಲ್ಲಿದ್ದವನು ಬಟ್ಟೆ ತರಲು ತಿರುಗಬೇಡ. ಇದು ಚಳಿಗಾಲದಲ್ಲಿ ಆಗದಿರಲಿ ಅಂತ ಬೇಡಿಕೊಳ್ಳಿ. ನಮ್ಮ ಹಳೇ ಬಾಗಲಕೋಟೆಯ ಮಣ್ಣಿನ ಮಾಳಿಗೆ ಮನೆ ಕಂಡವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಬೇಸಿಗೆಯಲ್ಲಿ ಮೇಲೆ ಹಾಸಿಗೆ, ಮಗ್ಗುಲಿಗೆ ನೀರಿನ ತಂಬಿಗೆ. ದಂಡು ಬಂತು ಅಂದರೆ ಓಡಬೇಕು. ಇಡೀ ಲೋಕವೇ ಮುಗಿಯುವುದಾದರೆ ಬೆಟ್ಟಕ್ಕೆ ಓಡಿ ಏನು ಉಪಯೋಗ? ಚಳಿ ಆದರೇನು, ಬಿಸಿಲು ಆದರೇನು? ಲೂಕ ಇನ್ನೂ ಸಲೀಸಾಗಿ ಬರೆದಿದ್ದಾನೆ. ದಂಡು ಯೆರೂಸಲೇಮನ್ನು ಸುತ್ತುವುದನ್ನು ನೋಡಿದಾಗ ಅದರ ಹಾಳು ಹತ್ತಿರ ಬಂತು ಅಂತ ತಿಳಿಯಿರಿ.

ಆದರೆ ಸೂರ್ಯ ಕಪ್ಪಾಗುತ್ತಾನೆ, ನಕ್ಷತ್ರ ಬೀಳುತ್ತವೆ ಅಂತಿದೆಯಲ್ಲ ಅಂತ ಕಾಕಾ ಕೇಳುತ್ತಾನೆ. ಸರಿಯಾದ ಪ್ರಶ್ನೆ. ಯೆಶಾಯನ 13ನೇ ಅಧ್ಯಾಯದಲ್ಲೂ ನಕ್ಷತ್ರ ಬೆಳಕು ಕೊಡುವುದಿಲ್ಲ, ಸೂರ್ಯ ಮಂಕಾಗುತ್ತಾನೆ. ಅಲ್ಲಿ ಮಾತು ಇರುವುದು ಬಾಬೆಲಿನ ಬಗ್ಗೆ, ಮೇದ್ಯರು ಬರುವ ಬಗ್ಗೆ. ಬಾಬೆಲ್ ಬಿತ್ತು, ಮರುದಿನವೂ ಸೂರ್ಯ ಹುಟ್ಟಿದ. ಪ್ರವಾದಿಗಳು ದೊಡ್ಡ ಊರು ಬೀಳುವುದನ್ನು ಹೀಗೆ ಹೇಳುತ್ತಿದ್ದರು. ನಾವೂ ಹೇಳುವುದಿಲ್ಲವೇ? “ಆಕಾಶ ಕಳಚಿ ತಲಿ ಮ್ಯಾಲ ಬಿದ್ದಂಗಾತು.” ಯಾರೂ ಹೊರಗೆ ಬಂದು ಆಕಾಶ ಇದೆಯೋ ಇಲ್ಲವೋ ಅಂತ ನೋಡುವುದಿಲ್ಲ.

ಪ್ರತಿ ವರ್ಷ ಮಕ್ಕಳನ್ನು ವಿಜಯಪುರಕ್ಕೆ ಪ್ರವಾಸ ಕರೆದುಕೊಂಡು ಹೋಗುತ್ತೇವೆ. ಗೋಳಗುಮ್ಮಟದಲ್ಲಿ ಮಕ್ಕಳು ಕೂಗಾಡಿ ಸುಸ್ತಾದ ಮೇಲೆ ಬಾರಾ ಕಮಾನಿಗೆ ಹೋಗುತ್ತೇವೆ. ಎರಡನೇ ಅಲಿ ಆದಿಲ್ ಷಾನ ಸಮಾಧಿ, ಕಟ್ಟಿ ಮುಗಿದಿಲ್ಲ. ಬರೀ ಕಮಾನುಗಳು, ಮೇಲೆ ಆಕಾಶ. 1686ರಲ್ಲಿ ಔರಂಗಜೇಬನ ದಂಡಿಗೆ ಬಿಜಾಪುರ ಬಿತ್ತು. ಆ ಊರಲ್ಲಿ ಹುಟ್ಟಿ ಬೆಳೆದ ಒಬ್ಬ ಕವಿ ಆವತ್ತು ಬದುಕಿದ್ದರೆ ಏನು ಬರೆಯುತ್ತಿದ್ದ? ಸೂರ್ಯ ಕಂತಿದ, ಚಂದ್ರ ರಕ್ತವಾದ ಅಂತಲೇ ಬರೆಯುತ್ತಿದ್ದ. ನಾವು ಅದನ್ನು ಓದಿ ಖಗೋಳದ ಲೆಕ್ಕ ಹಾಕುತ್ತಿರಲಿಲ್ಲ.

ಪ್ರಕಟನೆಯಲ್ಲಿ ಬರುವ ಮೃಗದ ಸಂಖ್ಯೆ 666ರ ಬಗ್ಗೆ ನನಗೆ ಸ್ವಲ್ಪ ವೃತ್ತಿಯ ಮಮತೆ ಇದೆ. ಬಾರ್‌ಕೋಡ್ ಬಂದಾಗ ಇದೇ ಅದು ಅಂದರು. ಆಧಾರ್ ಬಂದಾಗ ಕಾಕಾ ಎರಡು ವರ್ಷ ಮಾಡಿಸಲಿಲ್ಲ, ಕೊನೆಗೆ ಗ್ಯಾಸ್ ಸಬ್ಸಿಡಿ ಬೇಕಾಗಿ ಮಾಡಿಸಿದ. ಕೊರೊನಾ ಲಸಿಕೆಗೂ ಅದೇ ಕಥೆ. ಆದರೆ ಪ್ರಕಟನೆಯ ಯೋಹಾನ ಬರೆದದ್ದು ಒಂದು ಲೆಕ್ಕ, ಬುದ್ಧಿ ಇದ್ದವನು ಎಣಿಸಲಿ ಅಂತಾನೆ. ಅಂದರೆ ಆವತ್ತಿನ ಓದುಗ ಎಣಿಸಬಲ್ಲ ಅಂತಾಯಿತು. ಆಗ ಹೀಬ್ರೂ, ಗ್ರೀಕ್ ಎರಡರಲ್ಲೂ ಅಕ್ಷರಗಳೇ ಅಂಕಿ. ನಮ್ಮ ಕಟಪಯಾದಿಯ ಹಾಗೆ. ಮಾಯಾಮಾಳವಗೌಳದಲ್ಲಿ ಮ ಅಂದರೆ 5, ಯ ಅಂದರೆ 1, ತಿರುಗಿಸಿದರೆ 15, ಅದು ಹದಿನೈದನೇ ಮೇಳಕರ್ತ ಅಂತ ಸಂಗೀತ ಕಲಿತ ಮಕ್ಕಳಿಗೆ ಗೊತ್ತು. ಹಾಗೇ ‘ನೆರೋನ್ ಕೇಸರ್’, ಅಂದರೆ ರೋಮಿನ ಚಕ್ರವರ್ತಿ ನೀರೋ, ಅನ್ನುವುದನ್ನು ಹೀಬ್ರೂ ಅಕ್ಷರದಲ್ಲಿ ಬರೆಯಿರಿ. 50, 200, 6, 50. ಕೂಡಿದರೆ 306. ಮುಂದೆ 100, 60, 200. ಅದು 360. ಒಟ್ಟು 666. ಲ್ಯಾಟಿನ್ ರೀತಿಯಲ್ಲಿ ‘ನೆರೋ’ ಅಂತ ಬರೆದರೆ ಕೊನೆಯ ನಕಾರದ 50 ಬಿಟ್ಟುಹೋಗಿ 616 ಆಗುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 666ರ ಜಾಗದಲ್ಲಿ ಸರಿಯಾಗಿ 616 ಅಂತಲೇ ಇದೆ! ಕ್ಲಾಸಿನಲ್ಲಿ ಇಂಥ ಉತ್ತರ ಸಿಕ್ಕರೆ ನಾನು ತಾಳೆ ನೋಡಿ ಸರಿ ಗುರುತು ಹಾಕುತ್ತೇನೆ.

ನೀರೋ ಕ್ರಿ.ಶ. 64ರ ರೋಮಿನ ಬೆಂಕಿಯ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದವನು. 68ರಲ್ಲಿ ಸತ್ತ. ಪ್ರಕಟನೆ ಬರೆದದ್ದು ಅವನ ನಂತರ, ಚಕ್ರವರ್ತಿ ದೊಮಿತಿಯಾನನ ಕಾಲದಲ್ಲಿ, ಸುಮಾರು 95ರಲ್ಲಿ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಸತ್ತ ನೀರೋ ಮತ್ತೆ ಬರುತ್ತಾನೆ ಅನ್ನುವ ಗುಲ್ಲು ಆಗ ಹಬ್ಬಿತ್ತು. ಆ ಭಯದಲ್ಲಿದ್ದ ಏಳು ಸಭೆಗಳಿಗೆ ಬಂದ ಕಾಗದ ಅದು. ದಾನಿಯೇಲನಿಗೆ ಪುಸ್ತಕ ಮುಚ್ಚಿ ಮುದ್ರೆ ಹಾಕು ಅಂದರೆ ಯೋಹಾನನಿಗೆ ಮುದ್ರೆ ಹಾಕಬೇಡ, ಸಮಯ ಹತ್ತಿರ ಇದೆ ಅನ್ನುತ್ತದೆ. ಇದನ್ನು ಯಾವ ಚಾರ್ಟಿನಲ್ಲೂ ನಾನು ನೋಡಿಲ್ಲ.

ಇದೆಲ್ಲ ಬರೀ ಓದಿನ ಜಗಳ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿದವು. ಶಾಲೆಯ ಕೋಣೆಯಲ್ಲಿ ಮಂದಿಗೆ ಅನ್ನ ಹಾಕುತ್ತಿದ್ದೆವು. ಪ್ರಾರ್ಥನೆ ಗುಂಪಿನ ಒಬ್ಬರು ಬಂದು, “ನೋಡಿದ್ರೇನು, ಎಲ್ಲಾ ಬರದಂಗ ಆಗಾಕತ್ತೈತಿ” ಅಂದರು. ಮುಖದಲ್ಲಿ ಒಂಥರಾ ಸಮಾಧಾನ. ಕೈಯಲ್ಲಿ ಸೌಟು ಹಿಡಿಯಲಿಲ್ಲ. 2023ರ ಅಕ್ಟೋಬರಿನಿಂದ ಗಾಜಾದ ಚಿತ್ರಗಳು ಬರುವಾಗಲೂ ಅದೇ. ಕಾಕಾನ ವಾಟ್ಸಾಪಿನಲ್ಲಿ ದಿನಕ್ಕೊಂದು ವಿಡಿಯೊ, ಗಡಿಯಾರದ ಚಿತ್ರ, ಕಾಲ ಹತ್ತಿರ ಬಂದದ್ದಕ್ಕೆ ಗುರುತಾಗಿ ಯೇಸು ಹೇಳಿದ ಅಂಜೂರದ ಮರ ಚಿಗುರಿತು ಅನ್ನುವ ಮಾತು. ಅಂಜೂರ ಅಂದರೆ 1948ರ ಇಸ್ರೇಲ್ ಅಂತೆ. ಒಂದು ಸಂತತಿ 40 ವರ್ಷ ಅಂತ ಹಿಡಿದು ಮೊದಲು 1988 ಅಂದರು, ಅದು ಕಳೆದ ಮೇಲೆ ಸಂತತಿಯನ್ನೇ ಉದ್ದ ಮಾಡಿದರು. ಲೂಕನಲ್ಲಿ ಯೇಸು ಅಂಜೂರದ ಮರವನ್ನೂ ಉಳಿದ ಎಲ್ಲ ಮರಗಳನ್ನೂ ನೋಡಿ ಅಂದಿದ್ದಾನೆ. ಈ ಯುದ್ಧದಲ್ಲಿ ಸತ್ತವರು ಎರಡೂ ಕಡೆಯ ಮನುಷ್ಯರು. ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲಿ ಇವತ್ತಿಗೂ ಅರಬ್ಬಿ ಮಾತಾಡುವ ಕ್ರೈಸ್ತರಿದ್ದಾರೆ. ಅವರ ಮನೆಯ ಸುದ್ದಿಯನ್ನು ನಾವು ಇಲ್ಲಿ ಚಹಾ ಕುಡಿಯುತ್ತಾ ಪಟ್ಟಿಗೆ ಟಿಕ್ ಹಾಕಿಕೊಳ್ಳುವುದು ನನಗೆ ನಾಚಿಕೆ ತರುತ್ತದೆ.

ಬೀಸುಕಲ್ಲಿನ ಹೆಂಗಸರ ಮಾತಿಗೂ ಬರುತ್ತೇನೆ, ನನ್ನ ನಿದ್ದೆ ಕೆಡಿಸಿದ್ದು ಅದೇ ಅಲ್ವಾ. ಆ ವಚನದ ಹಿಂದಿನ ಸಾಲಿನಲ್ಲೇ ನೋಹನ ಕಾಲದ ಮಾತಿದೆ. ಜಲಪ್ರಳಯ ಬಂದು ಎಲ್ಲರನ್ನೂ ಬಡಿದುಕೊಂಡು ಹೋಯಿತು. ಹಾಗಾದರೆ ಅಲ್ಲಿ ಹೋದವರು ಯಾರು, ಉಳಿದವರು ಯಾರು? ಉಳಿದದ್ದು ನೋಹ. ಹೊಳೆಯ ದಂಡೆಯಲ್ಲಿ ಬೆಳೆದ ನಮಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತಾ? ನೆರೆ ಬಂದಾಗ ‘ಹೋದ’ ಅಂದರೆ ಏನು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ನಾನು ಆಯಿಯ ಜೊತೆ ಇಲ್ಲೇ ಉಳಿಯಲು ಗಂಟು ಹಾಕಬೇಕಿತ್ತು.

ಎಲ್ಲವೂ ಕ್ರಿ.ಶ. 70ರಲ್ಲೇ ಮುಗಿಯಿತು, ಇನ್ನು ಬರುವುದು ಏನೂ ಇಲ್ಲ ಅನ್ನುವವರೂ ಇದ್ದಾರೆ. ಅವರ ಪುಸ್ತಕಗಳನ್ನೂ ಓದಿದೆ. ಲೆಕ್ಕ ಅಚ್ಚುಕಟ್ಟಾಗಿದೆ, ಒಪ್ಪಲು ಮನಸ್ಸು ಬರಲಿಲ್ಲ. ಯಾಕಂದ್ರೆ ಆಯಿ 2006ರಲ್ಲಿ ತೀರಿಕೊಂಡಳು. ಗುಳೇದಗುಡ್ಡದ ಮಣ್ಣಿನಲ್ಲಿದ್ದಾಳೆ. ಸಾವು ಇನ್ನೂ ಸತ್ತಿಲ್ಲ, ಹಾಗಿರುವಾಗ ಎಲ್ಲ ಮುಗಿಯಿತು ಅಂತ ಹೇಗೆ ಹೇಳುವುದು?

ಅವಳ ಮಣ್ಣಿನ ದಿನ ಪಾದ್ರಿಗಳು ಓದಿದ್ದು ಥೆಸಲೊನೀಕದವರಿಗೆ ಬರೆದ ಮೊದಲನೇ ಪತ್ರಿಕೆ, 4ನೇ ಅಧ್ಯಾಯ. ಆ ಚಾರ್ಟಿನ ಮೋಡ, ಬಾಣ ಎಲ್ಲ ನಿಂತಿರುವುದು ಇದೇ ಅಧ್ಯಾಯದ ಮೇಲೆ. ಪೌಲ ಅದನ್ನು ಬರೆದದ್ದು ಮನೆಯವರು ಸತ್ತು ದುಃಖದಲ್ಲಿದ್ದ ಮಂದಿಗೆ. ನಮ್ಮವರು ಸತ್ತುಹೋದರಲ್ಲ, ಕರ್ತನು ಬರುವಾಗ ಅವರಿಗೆ ತಪ್ಪಿಹೋಗುತ್ತದಾ ಅನ್ನುವುದು ಅವರ ಸಂಕಟ. ಇಲ್ಲ, ಸತ್ತವರೇ ಮೊದಲು ಏಳುತ್ತಾರೆ, ಆಮೇಲೆ ಬದುಕಿರುವ ನಾವು ಅವರ ಜೊತೆ ಸೇರಿ ಕರ್ತನನ್ನು ಮೇಘಗಳಲ್ಲಿ ಎದುರುಗೊಳ್ಳುತ್ತೇವೆ ಅಂತಾನೆ. ಕೊನೆಗೆ, ಈ ಮಾತಿನಿಂದ ಒಬ್ಬರನ್ನೊಬ್ಬರು ಸಂತೈಸಿರಿ. ಹೆದರಿಸಿರಿ ಅಂತ ಇಲ್ಲ.

ಆವತ್ತು ನಾನು ಅಳುತ್ತಿದ್ದೆ, ಪದ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಎಷ್ಟೋ ವರ್ಷದ ನಂತರ ಗ್ರೀಕ್ ಪದದ ಬಗ್ಗೆ ಓದಿದೆ. ‘ಅಪಾಂತೇಸಿಸ್’. ದೊಡ್ಡವರು ಊರಿಗೆ ಬರುವಾಗ ಊರವರು ಹೊರಗೆ ಹೋಗಿ ಕಂಡು, ಮೆರವಣಿಗೆಯಲ್ಲಿ ಊರೊಳಗೆ ಕರೆತರುವುದಕ್ಕೆ ಬಳಸುತ್ತಿದ್ದ ಪದ. ಹತ್ತು ಕನ್ಯೆಯರು ದೀಪ ಹಿಡಿದು ಮದಲಿಂಗನಿಗಾಗಿ ಹೊರಡುವಲ್ಲಿಯೂ ಇದೇ ಪದ. ಪೌಲ ರೋಮಿಗೆ ಬರುವಾಗ ಅಲ್ಲಿಯ ಸಹೋದರರು ಅಪ್ಪಿಯ ಪೇಟೆಯ ತನಕ ಬಂದರಲ್ಲ, ಅಲ್ಲಿಯೂ ಇದೇ. ಅವರು ಪೌಲನನ್ನು ಕಂಡು ಅವನು ಬಂದ ದಾರಿಯಲ್ಲೇ ವಾಪಸ್ ಹೊರಟುಹೋಗಲಿಲ್ಲ. ಅವನನ್ನು ರೋಮಿಗೆ ಕರೆದುಕೊಂಡು ಹೋದರು.

ಇಷ್ಟು ಓದಿ ದೊಡ್ಡ ರತ್ನ ಸಿಕ್ಕಂತೆ ಕುಣಿದೆ. ಆಮೇಲೆ ಆಯಿಯ ಹಳೇ ಸತ್ಯವೇದ ತೆಗೆದು ನೋಡಿದೆ. ‘ಎದುರುಗೊಳ್ಳುವದಕ್ಕಾಗಿ’ ಅಂತ ಮೊದಲಿನಿಂದಲೂ ಅಲ್ಲೇ ಇತ್ತು. ಹಳಗನ್ನಡದಲ್ಲಿ ಇದಿರ್ಗೊಳ್. ನಮ್ಮೂರ ಬಾಯಲ್ಲಿ ಇದರಗೊಳ್ಳೂದು. ಲಗ್ನದಲ್ಲಿ ಬೀಗರು ಬರುವಾಗ ಊರ ಅಗಸಿಯ ತನಕ ಹಲಗೆ ಬಾರಿಸಿಕೊಂಡು ಹೋಗಿ, ಬೆಲ್ಲ ನೀರು ಕೊಟ್ಟು ಕರೆತರುತ್ತೇವೆ. ಇದರಗೊಳ್ಳಲು ಹೋದವರು ಬೀಗರ ಗಾಡಿ ಹತ್ತಿ ಅವರ ಊರಿಗೆ ಹೊರಟುಬಿಟ್ಟರು ಅಂತ ನೀವು ಎಲ್ಲಾದರೂ ಕೇಳಿದ್ದೀರಾ? ಆಯಿ ಈ ಪದವನ್ನು ಬಳಸಿಕೊಂಡೇ ಬೆಳೆದವಳು. ಅವಳಿಗೆ ಗ್ರೀಕ್ ಬೇಕಾಗಿರಲಿಲ್ಲ. ಪ್ರಕಟನೆಯ ಕೊನೆಯಲ್ಲೂ ಹೊಸ ಯೆರೂಸಲೇಮ್ ಮೇಲಿನಿಂದ ಇಳಿದು ಬರುತ್ತದೆ, ದೇವರ ವಾಸ ಮನುಷ್ಯರ ನಡುವೆ ಅನ್ನುತ್ತದೆ. ಬಾಣದ ತುದಿ ಕೆಳಗಿದೆ. ಬಟ್ಟೆಯ ಮೇಲೆ ಅದನ್ನು ತಿರುವಿ ಬರೆದಿದ್ದರು.

ಕಳೆದ ಮೇ ತಿಂಗಳು ಕಾಕಾನ ಮೊಮ್ಮಗಳ ಲಗ್ನ ಗುಳೇದಗುಡ್ಡದಲ್ಲಿ ಆಯಿತು. ಗಂಡಿನ ಕಡೆಯವರು ಇಳಕಲ್ಲಿನವರು. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಾದ ಬೀಗರ ಬಸ್ಸು ಹನ್ನೊಂದಾದರೂ ಇಲ್ಲ. ಅಗಸಿಯ ಹತ್ತಿರ ಬೇವಿನ ಮರದ ಕೆಳಗೆ ನಾನು, ಕಾಕಾ, ಬೆಲ್ಲ ನೀರಿನ ಕೊಡ, ಹಲಗೆಯವರು ನಾಲ್ಕು ಮಂದಿ. ಬಿಸಿಲು ಜಾಸ್ತಿ ಆಗಿ ಹಲಗೆಯವರು ಆಗಲೇ ಮಲಗಿಬಿಟ್ಟಿದ್ದರು. ನಾನು ಮೇಲೆ ಬರೆದದ್ದನ್ನೆಲ್ಲ ಕಾಕಾನಿಗೆ ಹೇಳುತ್ತಾ ಹೋದೆ. ದಾನಿಯೇಲನ ಲೆಕ್ಕಕ್ಕೆ ಅವನು ಒಪ್ಪಲಿಲ್ಲ. ನೀರೋನ ಲೆಕ್ಕಕ್ಕೆ, “ನೀವು ಸಾಲಿ ಮಾಸ್ತರಗಳು ಏನ್ ಬೇಕಾದ್ರೂ ಕೂಡಸ್ತೀರಿ” ಅಂದ. ಆಯಿಯ ಸೆರಗಿನ ಗಂಟಿನ ಕಥೆಗೆ ಮಾತ್ರ ಸುಮ್ಮನಾದ. ಅದು ಅವನಿಗೆ ಗೊತ್ತಿರಲಿಲ್ಲ.

“ಅವ್ವ ಹಂಗಂದ್ಲೇನು?”

“ಹೂಂ ಕಾಕಾ. ಬರಾಂವ ಅಂವ, ನಾವ್ಯಾಕ ಹೋಗೂದು ಅಂದ್ಲು.”

ಅವನು ಬಹಳ ಹೊತ್ತು ಕಮತಗಿ ರಸ್ತೆಯ ಕಡೆ ನೋಡುತ್ತಾ ಕೂತ. ಆಮೇಲೆ, “ಆ ಪ್ಲಾಟ್ ಆಗ 40 ಸಾವಿರಕ್ಕ ಬರ್ತಿತ್ತ್ ನೋಡು” ಅಂದ. ನಾನು ಏನೂ ಅನ್ನಲಿಲ್ಲ. ಅನ್ನಲು ಏನೂ ಇರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಕಮತಗಿ ದಾಟೀವಿ, ಹತ್ತು ನಿಮಿಷ ಅಂದರು ಬೀಗರು. ಕಾಕಾ ಧೋತರ ಝಾಡಿಸಿಕೊಂಡು ಎದ್ದ. ಹಲಗೆಯವರನ್ನು ಕಾಲಲ್ಲಿ ಮೆಲ್ಲಗೆ ತಿವಿದು, “ಏಳ್ರೋ, ಬಂದ್ರು” ಅಂದ. ಕೊಡದ ಮೇಲಿನ ತಾಟು ಸರಿಸಿ, ನೀರಿಗೆ ಬಿದ್ದಿದ್ದ ಬೇವಿನ ಎಲೆಯನ್ನು ಬೆರಳಿನಿಂದ ತೆಗೆದು ಹಾಕಿದ.